ಟೆರಿಟೋರಿಯಲ್ ಆರ್ಮಿಯಲ್ಲಿ ಡ್ರೈವರ್ ಆಗಬಹುದಾ? ಲಾರಿ ಓಡಿಸುವವನ ಪ್ರಶ್ನೆ

ಬ್ಯಾಡಗಿ ಲಾರಿ

ಎಲ್ಲರಿಗೂ ನಮಸ್ಕಾರ. ನನಗೆ 29 ವರ್ಷ. ಬ್ಯಾಡಗಿ ಮಾರ್ಕೆಟ್‌ನಿಂದ ಮೆಣಸಿನಕಾಯಿ ಲೋಡ್ ಹೊಡೆಯುತ್ತೇನೆ, ಸೀಸನ್ ಇಲ್ಲದಾಗ ಗೋವಿನಜೋಳ. ಹೆವಿ ಲೈಸೆನ್ಸ್ ಇದೆ, ಗಾಡಿ ಮಾಲೀಕರದ್ದು. ಮಿಲಿಟರಿಗೆ ಹೋಗಬೇಕು ಅಂತ ಮೊದಲಿಂದ ಆಸೆ ಇತ್ತು. ಅಪ್ಪ ತೀರಿಕೊಂಡ ಮೇಲೆ ಮನೆ ನನ್ನ ಮೇಲೆ ಬಿತ್ತು, ಹಾಗಾಗಿ ರ‍್ಯಾಲಿಗೆ ಹೋಗುವ ವಯಸ್ಸೆಲ್ಲ ಲಾರಿಯಲ್ಲೇ ಕಳೆಯಿತು. ಈಗ ಟೆರಿಟೋರಿಯಲ್ ಆರ್ಮಿಗೆ (ಟಿಎ) 42 ವರ್ಷದವರೆಗೂ ತಗೋತಾರೆ ಅಂತ ಒಬ್ಬರು ಹೇಳಿದರು.

ನನ್ನ ಪ್ರಶ್ನೆ ಇಷ್ಟು. ಅಲ್ಲಿ ಡ್ರೈವರ್ ಅಂತಲೇ ಭರ್ತಿ ಮಾಡಿಕೊಳ್ತಾರಾ? ಹೆವಿ ಲೈಸೆನ್ಸ್ ಇದ್ದರೆ ಏನಾದರೂ ಅನುಕೂಲ ಇದೆಯಾ? ಸಂಬಳ ತಿಂಗಳು ತಿಂಗಳು ಬರುತ್ತಾ? ಮನೆಯಲ್ಲಿ ಅಮ್ಮ, ಹೆಂಡತಿ, ಒಂದು ಮಗು ಇದ್ದಾರೆ. ಗೊತ್ತಿದ್ದವರು ಇದ್ದದ್ದು ಇದ್ದ ಹಾಗೆ ಹೇಳಿ.

ಗೋಕಾಕ ಟಿಎ

ತಮ್ಮಾ, ನಾನು ಟಿಎದಲ್ಲೇ ಇದ್ದೇನೆ, ಗಾಡಿಯೇ ಓಡಿಸುತ್ತೇನೆ. ಯೂನಿಟ್ ಯಾವುದು, ಎಲ್ಲಿದ್ದೇನೆ ಅಂತ ಇಲ್ಲಿ ಬರೆಯುವ ಹಾಗಿಲ್ಲ, ಯಾರೂ ಕೇಳಬೇಡಿ.

ಮೊದಲನೇ ಮಾತು. ನಾನು ನೋಡಿದ ಇನ್‌ಫೆಂಟ್ರಿ ಬೆಟಾಲಿಯನ್ ರ‍್ಯಾಲಿಗಳಲ್ಲಿ ಡ್ರೈವರ್ ಅಂತ ಬೇರೆ ಪೋಸ್ಟ್ ಇರಲಿಲ್ಲ. ಸೋಲ್ಜರ್ ಜಿಡಿ, ಅಂದರೆ ಜನರಲ್ ಡ್ಯೂಟಿ ಸಿಪಾಯಿ ಇರುತ್ತೆ, ಕ್ಲರ್ಕ್ ಇರುತ್ತೆ, ಕುಕ್, ವಾಷರ್‌ಮನ್, ಹೇರ್ ಡ್ರೆಸರ್ ತರಹದ ಟ್ರೇಡ್ಸ್‌ಮನ್ ಇರುತ್ತೆ. ನೀವು ಜಿಡಿ ಆಗಿ ಸೇರಬೇಕು. ಮೊದಲು ಓಟ, ಪುಲ್‌ಅಪ್, ಎತ್ತರ, ಎದೆ ಅಳತೆ, ಮೆಡಿಕಲ್. ಆಮೇಲೆ ರಿಕ್ರೂಟ್ ಟ್ರೇನಿಂಗ್. ಅಲ್ಲಿ ನೀವು ಲಾರಿ ಡ್ರೈವರ್ ಅನ್ನೋದು ಯಾರಿಗೂ ಮುಖ್ಯ ಅಲ್ಲ. ರೈಫಲ್ ಹಿಡಿಯೋದು, ಫೈರಿಂಗ್, ಡ್ರಿಲ್, ಸೆಂಟ್ರಿ ಡ್ಯೂಟಿ, ಎಲ್ಲರಿಗೂ ಒಂದೇ. ಯೂನಿಟ್‌ಗೆ ಹೋದ ಮೇಲೆ ಎಂಟಿಗೆ, ಅಂದರೆ ಗಾಡಿಗಳ ವಿಭಾಗಕ್ಕೆ, ಜನ ಬೇಕಾದಾಗ ಡ್ರೈವಿಂಗ್ ಕೇಡರ್ ನಡೆಸ್ತಾರೆ. ಅದರಲ್ಲಿ ಆಯ್ಕೆಯಾಗಿ ಪಾಸಾದವನಿಗೆ ಗಾಡಿ ಕೊಡ್ತಾರೆ. ಹೆವಿ ಲೈಸೆನ್ಸ್ ಇದ್ದವರ ಹೆಸರು ಅಲ್ಲಿ ಸಹಜವಾಗಿ ಮೊದಲು ಬರುತ್ತೆ, ಆದರೆ ಗ್ಯಾರಂಟಿ ಅಂತ ಯಾರೂ ಬರೆದುಕೊಡಲ್ಲ.

ಎರಡನೇ ಮಾತು ಸಂಬಳದ್ದು. ಇದು ಸರಿಯಾಗಿ ತಿಳ್ಕೊಳ್ಳಿ, ಯಾಕಂದ್ರೆ ಭರ್ತಿಗೆ ಬರುವ ಹುಡುಗರು ಜಾಸ್ತಿ ತಪ್ಪು ತಿಳಿಯೋದು ಇಲ್ಲೇ. ಟಿಎ ಪಕ್ಕಾ ನೌಕರಿ ಅಲ್ಲ. ಬೇರೆ ಕಸುಬು ಇರುವವರು ವರ್ಷದಲ್ಲಿ ಒಂದಿಷ್ಟು ದಿನ ಸೈನ್ಯದ ಟ್ರೇನಿಂಗ್ ಮಾಡಿ, ದೇಶ ಕರೆದಾಗ ಬರಬೇಕು ಅನ್ನೋ ಲೆಕ್ಕದಲ್ಲಿ ಇದನ್ನ ಕಟ್ಟಿದ್ದು. 1948ರಲ್ಲಿ ಕಾಯ್ದೆ ಆಯ್ತು, 1949ರ ಅಕ್ಟೋಬರ್ 9ಕ್ಕೆ ರಾಜಾಜಿಯವರು ಗವರ್ನರ್ ಜನರಲ್ ಆಗಿದ್ದಾಗ ಉದ್ಘಾಟನೆ ಮಾಡಿದರು. ಈಗಲೂ ಲೆಕ್ಕ ಅದೇ. ಯೂನಿಟ್ ಎಂಬಾಡಿ ಆದಾಗ, ಅಂದರೆ ನಿಮ್ಮನ್ನ ಡ್ಯೂಟಿಗೆ ಕರೆದಾಗ, ರೆಗ್ಯುಲರ್ ಸಿಪಾಯಿಗೆ ಬರುವ ಸಂಬಳವೇ ನಿಮಗೂ ಬರುತ್ತೆ. ಲೆವೆಲ್ 3, ಮೂಲ ವೇತನ 21,700, ಮಿಲಿಟರಿ ಸರ್ವಿಸ್ ಪೇ 5,200, ಮೇಲೆ ಡಿಎ. ಡಿಸ್‌ಎಂಬಾಡಿ ಮಾಡಿ ಮನೆಗೆ ಕಳಿಸಿದ ದಿನದಿಂದ ಅದು ನಿಲ್ಲುತ್ತೆ. ಪೆನ್ಷನ್ ಬೇಕಂದ್ರೆ ಎಂಬಾಡಿ ಆಗಿದ್ದ ಸೇವೆ ಎಲ್ಲ ಕೂಡಿ 15 ವರ್ಷ ಆಗಬೇಕು, ಸೇರಿ ಹದಿನೈದು ವರ್ಷ ಆಯ್ತು ಅಂದರೆ ಸಾಲದು.

ಈಗ ಯೂನಿಟ್‌ಗಳು ಜಾಸ್ತಿ ಕಾಲ ಎಂಬಾಡಿ ಆಗಿಯೇ ಇರ್ತವೆ, ಅದು ನಿಜ. 2025ರ ಮೇ ತಿಂಗಳಲ್ಲಿ ರಕ್ಷಣಾ ಸಚಿವಾಲಯ ಆದೇಶ ಹೊರಡಿಸಿ ಟಿಎ ಜನರನ್ನ ಕರೆಯುವ ಅಧಿಕಾರ ಸೇನಾ ಮುಖ್ಯಸ್ಥರಿಗೆ ಕೊಟ್ಟಿತು, 32 ಇನ್‌ಫೆಂಟ್ರಿ ಬೆಟಾಲಿಯನ್‌ಗಳಲ್ಲಿ 14 ಬೆಟಾಲಿಯನ್ ಎಂಬಾಡಿ ಮಾಡುವ ಮಾತು ಅದರಲ್ಲಿ ಇತ್ತು, ಪೇಪರಲ್ಲಿ ನೋಡಿರಬಹುದು. ಆದರೆ ಇವತ್ತು ಕರೆಯುತ್ತಾರೆ ಅಂತ ನಾಳೆಯೂ ಕರೆದೇ ಕರೆಯುತ್ತಾರೆ ಅಂತ ಮನೆ ಸಾಲ ಮಾಡಬೇಡಿ.

ಬ್ಯಾಡಗಿ ಲಾರಿ

ಅಣ್ಣಾ, ತುಂಬಾ ಉಪಕಾರ ಆಯ್ತು. ಒಂದು ಮಾತು ಕೇಳಲಾ? ಅಲ್ಲಿ ಗಾಡಿ ಓಡಿಸೋದಕ್ಕೂ ನಾವು ಇಲ್ಲಿ ಓಡಿಸೋದಕ್ಕೂ ಏನು ವ್ಯತ್ಯಾಸ? ನಾನು ಘಾಟಿ, ರಾತ್ರಿ, ಮಳೆ ಎಲ್ಲ ಓಡಿಸಿದ್ದೇನೆ.

ಗೋಕಾಕ ಟಿಎ

ಸ್ಟೇರಿಂಗ್ ಹಿಡಿಯೋದರಲ್ಲಿ ವ್ಯತ್ಯಾಸ ಇಲ್ಲ. ಅದರ ಹಿಂದೆ ಮುಂದೆ ಇರುವ ಕೆಲಸದಲ್ಲಿ ಇದೆ.

ಬೆಳಿಗ್ಗೆ ಗಾಡಿ ಹತ್ತುವ ಮೊದಲು ಫಸ್ಟ್ ಪರೇಡ್ ಅಂತ ಇದೆ. ಗಾಡಿ ಕೆಳಗೆ ಬಗ್ಗಿ ನೋಡಬೇಕು, ನೆಲದ ಮೇಲೆ ಎಣ್ಣೆ ಬಿದ್ದಿದೆಯಾ, ನೀರು ಬಿದ್ದಿದೆಯಾ ಅಂತ. ಡಿಪ್‌ಸ್ಟಿಕ್ ತೆಗೆದು ಆಯಿಲ್, ರೇಡಿಯೇಟರ್ ನೀರು, ಬೆಲ್ಟ್ ಒತ್ತಿ ನೋಡೋದು, ಬ್ಯಾಟರಿ, ವೀಲ್ ನಟ್ಟು, ಸ್ಟೆಪ್ನಿ, ಟೂಲ್. ದಾರಿಯಲ್ಲಿ ನಿಂತಾಗ ಹಾಲ್ಟ್ ಪರೇಡ್. ಕಾನ್ವಾಯ್, ಅಂದರೆ ಗಾಡಿಗಳ ಸಾಲು, ನಿಂತ ತಕ್ಷಣ ಚಹಾಕ್ಕೆ ಓಡೋದಲ್ಲ, ಇಳಿದು ಒಂದೊಂದು ಹಬ್ ಮೇಲೆ ಅಂಗೈ ಇಡಬೇಕು. ನಾಲ್ಕು ಬೆಚ್ಚಗಿದ್ದು ಒಂದು ಸುಡುತ್ತಿದ್ದರೆ ಅಲ್ಲಿ ಬ್ರೇಕ್ ಹಿಡಿದಿದೆ ಅಥವಾ ಬೇರಿಂಗ್ ಹೋಗ್ತಿದೆ ಅಂತ ಅರ್ಥ. ಜೋಡಿ ಟೈರ್ ಇರುವ ಗಾಡಿಯಾದರೆ ನಡುವೆ ಕಲ್ಲು ಸಿಕ್ಕಿದೆಯಾ ನೋಡಿ ತೆಗೀಬೇಕು. ಸಂಜೆ ವಾಪಸ್ ಬಂದ ಮೇಲೆ ಲಾಸ್ಟ್ ಪರೇಡ್. ಡೀಸೆಲ್ ತುಂಬಿಸಿ, ತೊಳೆದು, ಏರ್ ಟ್ಯಾಂಕಿನ ನೀರು ಬಿಟ್ಟು, ರಾತ್ರಿಯಲ್ಲಿ ಕರೆದರೂ ಹೊರಡುವ ಹಾಗೆ ನಿಲ್ಲಿಸಬೇಕು. ಎಷ್ಟೇ ದಣಿದಿದ್ದರೂ ಸರಿ.

ಕಾರ್ ಡೈರಿ ಅಂತ ಒಂದು ಪುಸ್ತಕ ಇರುತ್ತೆ. ಎಲ್ಲಿಂದ ಎಲ್ಲಿಗೆ, ಎಷ್ಟು ಕಿಲೋಮೀಟರ್, ಯಾರ ಆರ್ಡರ್, ಎಷ್ಟು ಎಣ್ಣೆ, ಎಲ್ಲ ಬರೆದು ಸಹಿ ಆಗಬೇಕು. ಆ ಸಹಿ ಇಲ್ಲದೆ ಗೇಟ್ ದಾಟಿದರೆ ಅದು ಅಪರಾಧ. ಪಕ್ಕದ ಸೀಟಲ್ಲಿ ಕೂರುವ ಸೀನಿಯರ್ ಆ ಗಾಡಿಯ ಕಮಾಂಡರ್, ಸ್ಪೀಡಿಗೆ ಅವರೂ ಜವಾಬ್ದಾರರು. ಸಣ್ಣದೊಂದು ಗುದ್ದಾದರೂ ಕೋರ್ಟ್ ಆಫ್ ಎನ್‌ಕ್ವೈರಿ ಕೂರುತ್ತೆ. ಲಾರಿ ಲೈನ್‌ನಲ್ಲಿ ಬಾಡಿಗೆ ಜಾಸ್ತಿ ಸಿಗಲಿ ಅಂತ ನಾವು ನಿದ್ದೆ ಬಿಟ್ಟು ಹೊಡೀತೀವಿ ಅಲ್ವಾ? ಇಲ್ಲಿ ನಿದ್ದೆ ಬಂದಿದೆ ಅಂದರೆ ಬಾಯಿಬಿಟ್ಟು ಹೇಳಬೇಕು, ಕೋ-ಡ್ರೈವರ್‌ಗೆ ಕೊಡಬೇಕು. ಹಿಂದೆ ಕೂತವರು ಇಪ್ಪತ್ತು ಮನೆಯ ಮಕ್ಕಳು.

ಕೆಲಸ ಏನು ಅಂದರೆ, ನಮ್ಮಂಥವರಿಗೆ ಜಾಸ್ತಿ ಸಿಗೋದು ಗಾರ್ಡ್ ಡ್ಯೂಟಿಯ ಯೂನಿಟ್. ಡಿಪೋ, ಸೇತುವೆ, ರಸ್ತೆ, ಏರ್‌ಫೀಲ್ಡ್ ಕಾಯೋದು. ಹಾಗಾಗಿ ಡ್ರೈವರ್‌ಗೆ ಪೋಸ್ಟಿಂದ ಪೋಸ್ಟಿಗೆ ರೇಷನ್, ನೀರಿನ ಟ್ಯಾಂಕರ್, ಗಾರ್ಡ್ ಬದಲಿ, ಆಸ್ಪತ್ರೆಗೆ ಪೇಷೆಂಟ್, ಸಾಹೇಬರ ಜಿಪ್ಸಿ. ದೊಡ್ಡದರಲ್ಲಿ ಸ್ಟಾಲಿಯನ್, ಅದಕ್ಕಿಂತ ಸಣ್ಣದರಲ್ಲಿ ಟಾಟಾ ಎರಡೂವರೆ ಟನ್.

ಬಿಜಾಪುರ 21

ಅಣ್ಣಾ, ನನಗೆ 20. ಅಗ್ನಿವೀರಾ, ಟಿಎನಾ, ಯಾವುದು ಒಳ್ಳೇದು?

ಗೋಕಾಕ ಟಿಎ

ನಿನ್ನ ವಯಸ್ಸಿಗೆ ಮೊದಲು ಅಗ್ನಿವೀರ್ ನೋಡು ತಮ್ಮಾ. ನಾಲ್ಕು ವರ್ಷ ಪೂರ್ತಿ ಸೈನ್ಯದಲ್ಲೇ ಇರ್ತೀಯ, ಕೊನೆಗೆ ನೂರಕ್ಕೆ 25 ಜನರವರೆಗೆ ಉಳಿಸಿಕೊಳ್ತಾರೆ. ಟಿಎ ಎಲ್ಲಿಗೂ ಓಡಿ ಹೋಗಲ್ಲ.

ಸೋಮವಾರಪೇಟೆ ಎಎಸ್‌ಸಿ

ಈ ಚರ್ಚೆ ನೋಡಿ ಸುಮ್ನೆ ಇರೋಕೆ ಆಗಲಿಲ್ಲ. ನಾನು ಟಿಎ ಅಲ್ಲ, ರೆಗ್ಯುಲರ್. ಸೈನ್ಯಕ್ಕೆ ಸಾಮಾನು ಸಾಗಿಸುವ ಆರ್ಮಿ ಸರ್ವಿಸ್ ಕೋರ್‌ನ ಡ್ರೈವರ್, ಬೆಂಗಳೂರಿನ ಎಎಸ್‌ಸಿ ಸೆಂಟರ್‌ನಲ್ಲಿ ಟ್ರೇನಿಂಗ್ ಆಗಿ, ಹವಾಲ್ದಾರ್ ಆಗಿ ನಿವೃತ್ತಿ. 1999ರ ಕಾರ್ಗಿಲ್ ಯುದ್ಧದಲ್ಲಿ ಶ್ರೀನಗರ, ಸೋನಾಮಾರ್ಗ್, ಜೋಜಿ ಲಾ, ದ್ರಾಸ್, ಕಾರ್ಗಿಲ್ ಲೈನ್‌ನಲ್ಲಿ ಗಾಡಿ ಓಡಿಸಿದ್ದೇನೆ. ಯುದ್ಧದ ಕತೆಗಳಲ್ಲಿ ಬೆಟ್ಟ ಹತ್ತಿದವರ ಹೆಸರು ಬರುತ್ತೆ, ಬರಲೇಬೇಕು. ಆದರೆ ಅವರ ಗನ್ನಿಗೆ ಗುಂಡು, ಹೊಟ್ಟೆಗೆ ರೊಟ್ಟಿ ಹೋಗಿದ್ದು ಯಾವ ರಸ್ತೆಯಲ್ಲಿ, ಹೇಗೆ ಅಂತ ಈಗಿನ ಹುಡುಗರಿಗೆ ಗೊತ್ತಿರಲಿ.

ದ್ರಾಸ್ ಹತ್ತಿರ ರಸ್ತೆ ಪೂರ್ತಿ ಬಯಲಲ್ಲಿದೆ. ಮೇಲೆ ತೊಲೋಲಿಂಗ್, ಅದರ ಹಿಂದೆ ಟೈಗರ್ ಹಿಲ್. ಅಲ್ಲಿ ಕೂತ ಶತ್ರುವಿಗೆ ಕೆಳಗೆ ಹೋಗುವ ಒಂದೊಂದು ಗಾಡಿಯೂ ಕಾಣುತ್ತೆ. ಗಾಡಿ ಕಂಡರೆ ಅವನ ಆರ್ಟಿಲರಿಗೆ ಸುದ್ದಿ ಹೋಗುತ್ತೆ, ಶೆಲ್ ಬೀಳುತ್ತೆ. ಜೂನ್ 13ಕ್ಕೆ ತೊಲೋಲಿಂಗ್ ನಮ್ಮ ಕೈಗೆ ಬಂತು, ಜುಲೈ 4ಕ್ಕೆ ಟೈಗರ್ ಹಿಲ್. ಅಲ್ಲಿಯವರೆಗೆ ಆ ತುಂಡು ರಸ್ತೆಯನ್ನ ರಾತ್ರಿ, ಹೆಡ್‌ಲೈಟ್ ಇಲ್ಲದೆ ದಾಟಬೇಕಿತ್ತು. ಹಿಂದೆ ಲೋಡ್ ಏನು? ಬೋಫೋರ್ಸ್ ತೋಪಿನ ಗುಂಡು, ಒಂದೊಂದು 40 ಕಿಲೋ ಮೇಲೆ.

ಹೆಡ್‌ಲೈಟ್ ಇಲ್ಲದೆ ಹೇಗೆ ಓಡಿಸ್ತೀರಿ ಅಂತ ಊರಲ್ಲಿ ಕೇಳ್ತಾರೆ. ಮಿಲಿಟರಿ ಲಾರಿಯ ಹಿಂದೆ ಯಾವತ್ತಾದರೂ ನಿಮ್ಮ ಗಾಡಿ ನಿಂತಿದ್ದರೆ ಬಗ್ಗಿ ನೋಡಿ. ಹಿಂದಿನ ಆಕ್ಸಲ್ ಮಧ್ಯೆ ಗುಂಡಗೆ ಡಿಫರೆನ್ಷಿಯಲ್ ಹೌಸಿಂಗ್ ಇದೆಯಲ್ಲ, ಅದಕ್ಕೆ ಬಿಳಿ ಬಣ್ಣ ಬಳಿದಿರುತ್ತಾರೆ. ಅದರ ಮೇಲೆ ಒಂದು ಸಣ್ಣ ಬಲ್ಬ್. ಮೇಲಿನಿಂದ ಮುಚ್ಚಿರುತ್ತೆ, ಬೆಳಕು ಆ ಬಿಳಿ ಉಂಡೆ ಮೇಲೆ ಮಾತ್ರ ಬೀಳುತ್ತೆ. ಆಕಾಶದಿಂದ ಕಾಣಲ್ಲ, ಬೆಟ್ಟದಿಂದ ಕಾಣಲ್ಲ, ಹಿಂದೆ ಬರುವ ಡ್ರೈವರ್‌ಗೆ ಮಾತ್ರ ಕಾಣುತ್ತೆ. ನೀನು ನೋಡಬೇಕಾದ್ದು ಅದೊಂದೇ. ಅದು ಸಣ್ಣದಾದರೆ ನೀನು ಹಿಂದೆ ಬಿದ್ದೆ, ದೊಡ್ಡದಾದರೆ ತೀರಾ ಹತ್ತಿರ ಬಂದೆ, ಬಲಕ್ಕೆ ಸರಿದರೆ ಅಲ್ಲಿ ತಿರುವು ಇದೆ. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ದ್ರಾಸ್ ನದಿ. ಮುಂದಿನವನು ಬ್ರೇಕ್ ಹೊಡೆದರೂ ಕೆಂಪು ಲೈಟ್ ಬರಲ್ಲ, ಕಾನ್ವಾಯ್‌ನಲ್ಲಿ ಅದನ್ನೂ ಕಟ್ ಮಾಡಿರ್ತೀವಿ. ಕಣ್ಣು ಮಿಟುಕಿಸೋಕೂ ಮನಸ್ಸು ಬರಲ್ಲ.

ಇನ್ನು ಚಳಿ. ದ್ರಾಸ್ ಚಳಿಗಾಲ ನೀವು ಕೇಳಿರ್ತೀರಿ. ಡೀಸೆಲ್ ಮೇಣದ ಹಾಗೆ ಗಟ್ಟಿಯಾಗುತ್ತೆ, ಫಿಲ್ಟರ್ ಕಟ್ಟಿಕೊಳ್ಳುತ್ತೆ. ರಾತ್ರಿ ಆಗಾಗ ಎದ್ದು ಎಂಜಿನ್ ಸ್ಟಾರ್ಟ್ ಮಾಡಿ ಬಿಸಿ ಇಡ್ತಿದ್ವಿ. 2019ರಲ್ಲಿ ಇಂಡಿಯನ್ ಆಯಿಲ್‌ನವರು ಲಡಾಖ್‌ಗೆ ಅಂತಲೇ ವಿಂಟರ್ ಡೀಸೆಲ್ ತಂದರು, ಮೈನಸ್ 33 ಡಿಗ್ರಿವರೆಗೂ ಹರಿಯುತ್ತೆ. ನಮ್ಮ ಕಾಲಕ್ಕೆ ಅದು ಇರಲಿಲ್ಲ. ಗೋಕಾಕದ ತಮ್ಮ ಏರ್ ಟ್ಯಾಂಕಿನ ನೀರು ಬಿಡೋದು ಬರೆದಿದ್ದಾನೆ, ಅದನ್ನ ಇನ್ನೊಮ್ಮೆ ಓದಿ. ಏರ್ ಬ್ರೇಕ್ ಟ್ಯಾಂಕಿನಲ್ಲಿ ಗಾಳಿ ಜೊತೆ ನೀರು ಸೇರುತ್ತೆ. ಬ್ಯಾಡಗಿಯಲ್ಲಿ ಎರಡು ದಿನ ಬಿಡದಿದ್ದರೂ ನಡೆಯುತ್ತೆ. ಅಲ್ಲಿ ಒಂದು ರಾತ್ರಿ ಬಿಡದಿದ್ದರೆ ವಾಲ್ವ್‌ನಲ್ಲಿ ಐಸ್ ಕಟ್ಟುತ್ತೆ, ಬೆಳಿಗ್ಗೆ ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಏನೂ ಆಗಲ್ಲ. ರಾತ್ರಿ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆದು ಬಿಟ್ಟರೆ ಲೈನರ್ ಡ್ರಮ್ಮಿಗೆ ಅಂಟಿಕೊಳ್ಳುತ್ತೆ, ಅದಕ್ಕೇ ಗೇರಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡ್ತಿದ್ವಿ. ಬರಿಗೈಯಲ್ಲಿ ಸ್ಪ್ಯಾನರ್ ಹಿಡಿದರೆ ಚರ್ಮ ಕಿತ್ತು ಬರುತ್ತೆ.

ಇನ್ನೊಂದು. ಬಂದ ದಿನವೇ ಯಾರನ್ನೂ ಮೇಲೆ ಕಳಿಸಲ್ಲ. 9 ಸಾವಿರ ಅಡಿಯಿಂದ 12 ಸಾವಿರದವರೆಗೆ ಆರು ದಿನ, ಅದರ ಮೇಲೆ 15 ಸಾವಿರದವರೆಗೆ ನಾಲ್ಕು ದಿನ, ಅದಕ್ಕೂ ಮೇಲೆ ಹೋಗಬೇಕಾದರೆ ಮತ್ತೆ ನಾಲ್ಕು ದಿನ ಶರೀರ ಹೊಂದಿಸಿಕೊಳ್ಳಬೇಕು. ನಾನು ಗಟ್ಟಿಮುಟ್ಟು ಇದ್ದೇನೆ ಅಂತ ಹಟ ಮಾಡಿದವರ ಶ್ವಾಸಕೋಶಕ್ಕೆ ನೀರು ತುಂಬಿದ್ದು ನೋಡಿದ್ದೇನೆ.

ತಮ್ಮಾ, ನೀವು ಘಾಟಿ ಓಡಿಸಿದ್ದೇನೆ ಅಂದ್ರಿ, ಸಂತೋಷ. ಇಳಿಜಾರಲ್ಲಿ ಡೀಸೆಲ್ ಉಳಿಸೋಕೆ ನ್ಯೂಟ್ರಲ್ ಹಾಕುವ ಚಾಳಿ ಲಾರಿ ಲೈನ್‌ನಲ್ಲಿ ಜಾಸ್ತಿ. ಇದ್ದರೆ ಇವತ್ತೇ ಬಿಡಿ. ಯಾವ ಗೇರಲ್ಲಿ ಹತ್ತಿದೆಯೋ ಅದೇ ಗೇರಲ್ಲಿ ಇಳಿ ಅಂತ ನಮ್ಮ ಉಸ್ತಾದ್ ಹೇಳ್ತಿದ್ದರು, ಆ ಮಾತು ಚಾರ್ಮಾಡಿಗೂ ಸರಿ, ಜೋಜಿ ಲಾಕ್ಕೂ ಸರಿ.

ಬ್ಯಾಡಗಿ ಲಾರಿ

ಸರ್, ನಿಮಗೆ ದೊಡ್ಡ ನಮಸ್ಕಾರ. ನಮ್ಮ ಲಾರಿ ಗ್ರೂಪಲ್ಲಿ ಇದನ್ನ ಹಾಕ್ತೀನಿ. ಆ ಬಿಳಿ ಉಂಡೆ ನಾನು ಎಷ್ಟೋ ಸಲ ನೋಡಿದ್ದೇನೆ, ಯಾಕೆ ಅಂತ ಗೊತ್ತಿರಲಿಲ್ಲ.

ಬೈಲಹೊಂಗಲದ ಅಕ್ಕ

ನನ್ನ ಯಜಮಾನರು ಟಿಎದಲ್ಲಿ ಡ್ರೈವರ್. ಮನೆಯ ಕಡೆಯಿಂದ ಎರಡು ಮಾತು ಬರೀತೀನಿ, ಯಾಕಂದ್ರೆ ಇಲ್ಲಿ ಬರೆದವರೆಲ್ಲ ಗಂಡಸರು.

ಅವರು ಡ್ಯೂಟಿಯಲ್ಲಿ ಇದ್ದಾಗ ಸಂಬಳ ಒಂದನೇ ತಾರೀಖಿಗೆ ಖಾತೆಗೆ ಬೀಳುತ್ತೆ, ಕ್ಯಾಂಟೀನ್ ಇದೆ, ಮಿಲಿಟರಿ ಆಸ್ಪತ್ರೆ ಇದೆ. ಮನೆಗೆ ಕಳಿಸಿದ ಮೇಲೆ ಏನೂ ಇಲ್ಲ. ಮೊದಲ ಸಲ ಹಾಗೆ ಬಂದಾಗ ಅವರು ಮೊದಲು ಕೆಲಸ ಮಾಡುತ್ತಿದ್ದ ಒಂದು ಶಾಲೆಯ ಬಸ್ಸಿಗೆ ಬೇರೆ ಡ್ರೈವರ್ ಇಟ್ಟುಕೊಂಡಿದ್ದರು. ಸೈನ್ಯದ ಕೆಲಸಕ್ಕೆ ಹೋದವನನ್ನ ವಾಪಸ್ ಕೆಲಸಕ್ಕೆ ತಗೋಬೇಕು ಅಂತ ಟಿಎ ಕಾಯ್ದೆಯಲ್ಲೇ ಇದೆ. ಆದರೆ ನಮ್ಮ ಹತ್ತಿರ ಅಪಾಯಿಂಟ್‌ಮೆಂಟ್ ಲೆಟರ್ ಇರಲಿಲ್ಲ, ಸಂಬಳ ಕೈಗೆ ಕೊಡುತ್ತಿದ್ದರು. ಕಾಯ್ದೆ ಹಿಡಿದು ಯಾರ ಹತ್ತಿರ ಹೋಗಬೇಕು? ಸರ್ಕಾರಿ ನೌಕರಿ ಇದ್ದವರಿಗೆ, ದೊಡ್ಡ ಕಂಪನಿಯಲ್ಲಿ ಪಿಎಫ್ ಇದ್ದವರಿಗೆ ಆ ಕಾಯ್ದೆ ಕೆಲಸ ಮಾಡುತ್ತೆ. ಲಾರಿ, ಶಾಲಾ ಬಸ್ಸು, ಟ್ಯಾಕ್ಸಿ ಓಡಿಸುವವರಿಗೆ ಕಾಗದವೇ ಇಲ್ಲದೆ ಹೇಗೆ ಕೆಲಸ ಮಾಡುತ್ತೆ? ಆದ್ದರಿಂದ ತಮ್ಮಾ, ಹೋಗುವ ಮೊದಲು ನಿಮ್ಮ ಮಾಲೀಕರಿಂದ ಒಂದು ಪತ್ರ ಬರೆಸಿಕೊಳ್ಳಿ. ಯಾವ ತಾರೀಖಿನಿಂದ ಕೆಲಸದಲ್ಲಿದ್ದೀರಿ, ಏನು ಸಂಬಳ, ಅಷ್ಟಾದರೂ.

ನಾವು ಈಗ ಮಾಡಿರೋದು ಇದು. ಡ್ಯೂಟಿಯಲ್ಲಿದ್ದಾಗ ಬರುವ ಸಂಬಳದಲ್ಲಿ ಒಂದು ಭಾಗ ಮುಟ್ಟೋದೇ ಇಲ್ಲ. ಎರಡು ಎಮ್ಮೆ ಇವೆ, ಹೊಲಿಗೆ ಮೆಷಿನ್ ಇದೆ. ಅವರು ಮನೆಯಲ್ಲಿದ್ದರೂ ಇಲ್ಲದಿದ್ದರೂ ಒಲೆ ಉರಿಯುತ್ತೆ. 2025ರ ಮೇ ತಿಂಗಳಲ್ಲಿ ಟಿವಿಯಲ್ಲಿ ಬೆಳಗಿನಿಂದ ರಾತ್ರಿವರೆಗೆ ಟಿಎ, ಟಿಎ ಅಂತ ಬರುವಾಗ ನಮ್ಮ ಅತ್ತೆ ಊಟ ಬಿಟ್ಟಿದ್ದರು. ನಾನು ಅವರ ಬೂಟು, ಕಿಟ್ ಎಲ್ಲ ತೆಗೆದು ಬಿಸಿಲಿಗೆ ಇಟ್ಟೆ, ಕರೆದರೆ ಹೊರಡಬೇಕಲ್ಲ. ನನಗೆ ಹೆಮ್ಮೆ ಇದೆ, ಭಯವೂ ಇದೆ. ನಿಮ್ಮ ಹೆಂಡತಿಯ ಹತ್ತಿರ ಕೂತು ಮಾತಾಡಿ. ಅಮ್ಮನ ಹತ್ತಿರ ಆಮೇಲೆ.

ಖಾಯಂ ನೌಕರಿ

ಅಕ್ಕ ಬರೆದದ್ದು ಓದಿದ ಮೇಲೂ ಟಿಎಗೆ ಹೋಗು ಅನ್ನೋದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಕೈಯಲ್ಲಿ ಹೆವಿ ಲೈಸೆನ್ಸ್ ಇದೆ. ಕೇಂದ್ರ ಕೈಗಾರಿಕಾ ಭದ್ರತಾ ಪಡೆ ಅಂದರೆ ಸಿಐಎಸ್‌ಎಫ್‌ನಲ್ಲಿ ಕಾನ್‌ಸ್ಟೇಬಲ್ ಡ್ರೈವರ್ ಅಂತಲೇ ಭರ್ತಿ ಮಾಡ್ತಾರೆ. ವಯಸ್ಸು 21ರಿಂದ 27, ಕೇಂದ್ರದ ಒಬಿಸಿ ಪಟ್ಟಿಯಲ್ಲಿ ಜಾತಿ ಇದ್ದರೆ 3 ವರ್ಷ, ಎಸ್‌ಸಿ ಎಸ್‌ಟಿ ಆದರೆ 5 ವರ್ಷ ಸಡಿಲಿಕೆ. ಹೆವಿ, ಲೈಟ್, ಗೇರ್ ಇರುವ ಬೈಕ್, ಮೂರೂ ಲೈಸೆನ್ಸ್ ಬೇಕು, ಮೂರು ವರ್ಷದ ಅನುಭವ ಬೇಕು, ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಸಂಬಳ ಅದೇ ಲೆವೆಲ್ 3, ಆದರೆ ಹನ್ನೆರಡು ತಿಂಗಳೂ ಬರುತ್ತೆ. 29 ವರ್ಷದವರಿಗೆ ಇನ್ನು ಉಳಿದಿರೋದು ಒಂದೋ ಎರಡೋ ಅವಕಾಶ. ಅದನ್ನ ಬಿಟ್ಟು ಟಿಎ ರ‍್ಯಾಲಿಗೆ ಓಡಿದರೆ ಆಮೇಲೆ ಯಾರೂ ವಯಸ್ಸು ವಾಪಸ್ ಕೊಡಲ್ಲ.

ಗೋಕಾಕ ಟಿಎ

ಇವರು ಹೇಳಿದ್ದು ಸರಿ ಇದೆ, ನಾನು ವಾದ ಮಾಡಲ್ಲ. ಮೊದಲು ಅದನ್ನ ನೋಡಿ. ಟಿಎಗೆ 42 ವರ್ಷದವರೆಗೂ ಬಾಗಿಲು ತೆರೆದಿರುತ್ತೆ. ಆದರೆ ಟಿಎ ಅಂದರೆ ಕಡಿಮೆ ಅನ್ನೋ ಹಾಗೆ ಮಾತು ಬೇಡ. 1962, 65, 71, ಮೂರರಲ್ಲೂ ಟಿಎ ಜನ ಇದ್ದರು. ರೈತರು, ಮೇಸ್ಟ್ರು, ಡ್ರೈವರ್‌ಗಳು ಸಮವಸ್ತ್ರ ಹಾಕಿ ನಿಲ್ಲುವ ಜಾಗ ಇದು. ನನಗೆ ಹೊಲ ಇದೆ, ತಮ್ಮ ನೋಡಿಕೊಳ್ತಾನೆ, ಅದಕ್ಕೇ ನಾನು ಧೈರ್ಯವಾಗಿ ಇಲ್ಲಿ ಇರೋಕೆ ಆಗಿದೆ. ಹೊಲ ಇಲ್ಲದವನಿಗೆ, ಮನೆಯಲ್ಲಿ ಇನ್ನೊಂದು ದುಡಿಮೆ ಇಲ್ಲದವನಿಗೆ ನಾನೂ ಹೋಗು ಅನ್ನಲ್ಲ.

ಡಿಪೋ ಡ್ರೈವರ್

ನಾನು ಸೈನ್ಯದಲ್ಲಿದ್ದು ಬಂದು ಈಗ ಸಾರಿಗೆ ಸಂಸ್ಥೆಯ ಬಸ್ ಓಡಿಸುತ್ತಿದ್ದೇನೆ. ಲೈಸೆನ್ಸ್ ವಿಷಯ ಯಾರೂ ಸರಿಯಾಗಿ ಬರೆದಿಲ್ಲ, ಅದಕ್ಕೆ ಬಂದೆ.

ಮಿಲಿಟರಿಯಲ್ಲಿ ಕೊಡುವ ಡ್ರೈವಿಂಗ್ ಲೈಸೆನ್ಸ್ ಹೊರಗಡೆ ನಡೆಯಲ್ಲ. ಮೋಟಾರು ವಾಹನ ಕಾಯ್ದೆ 1988ರ 18ನೇ ಸೆಕ್ಷನ್ ನೋಡಿ. ರಕ್ಷಣಾ ಕೆಲಸಕ್ಕೆ ಬಳಸುವ ಕೇಂದ್ರ ಸರ್ಕಾರದ ಗಾಡಿ ಓಡಿಸೋಕೆ ಕೊಡುವ ಲೈಸೆನ್ಸ್ ದೇಶವಿಡೀ ನಡೆಯುತ್ತೆ, ಆದರೆ ಆ ಗಾಡಿಗಳಿಗೆ ಮಾತ್ರ. ಅದನ್ನ ತೋರಿಸಿ ಮನೆ ಕಾರು ಕೂಡ ಓಡಿಸುವ ಹಾಗಿಲ್ಲ. ಸ್ಟಾಲಿಯನ್ ಓಡಿಸಿ ಓಡಿಸಿ ಕೂದಲು ನೆರೆತವರು ನಿವೃತ್ತಿಯಾದ ಮೇಲೆ ಆರ್‌ಟಿಒದಲ್ಲಿ ಹೊಸ ಲೈಸೆನ್ಸ್ ಸಾಲಿನಲ್ಲಿ ಹುಡುಗರ ಜೊತೆ ನಿಂತಿದ್ದು ನಾನು ನೋಡಿದ್ದೇನೆ, ಹೊಟ್ಟೆ ಉರಿಯುತ್ತೆ.

ಬ್ಯಾಡಗಿಯವರಿಗೆ ಆ ತೊಂದರೆ ಇಲ್ಲ, ಅವರ ಹತ್ತಿರ ಆಗಲೇ ಇದೆ. ಆದರೆ ಅದನ್ನ ಸಾಯಲು ಬಿಡಬೇಡಿ. ಟ್ರಾನ್ಸ್‌ಪೋರ್ಟ್ ಲೈಸೆನ್ಸ್ ಐದು ವರ್ಷಕ್ಕೊಮ್ಮೆ ರಿನ್ಯೂ ಮಾಡಬೇಕು. ಅವಧಿ ಮುಗಿಯುವ ಒಂದು ವರ್ಷ ಮೊದಲಿಂದಲೇ ಅರ್ಜಿ ಹಾಕಬಹುದು, ಮುಗಿದ ಮೇಲೆ ಒಂದು ವರ್ಷದವರೆಗೂ ಹಾಕಬಹುದು. ಅದೂ ದಾಟಿತೋ ಮತ್ತೆ ಟೆಸ್ಟ್ ಕೊಡಬೇಕು. ನೀವು ಎಲ್ಲೋ ಪೋಸ್ಟ್‌ನಲ್ಲಿ ಕೂತಾಗ ಈ ತಾರೀಖು ದಾಟಿ ಹೋಗುತ್ತೆ. ಬಹಳ ಜನರಿಗೆ ಹೀಗೇ ಆಗಿದೆ.

ಲೀಡ್ಸ್ ಕನ್ನಡಿಗ

ಇಲ್ಲಿ ಇಂಗ್ಲೆಂಡಿನಲ್ಲಿ ಇದು ಬೇರೆ ಥರ ಇದೆ, ಹೋಲಿಸಲು ಬರೀತೀನಿ. ನಾನು ಕೆಲಸ ಮಾಡುವ ವೇರ್‌ಹೌಸ್‌ನಲ್ಲಿ ಲಾರಿ ಓಡಿಸುವ ಒಬ್ಬರು ನಮ್ಮ ಟಿಎ ತರಹದ ಇಲ್ಲಿನ ಆರ್ಮಿ ರಿಸರ್ವ್‌ನಲ್ಲಿದ್ದಾರೆ, ರಾಯಲ್ ಲಾಜಿಸ್ಟಿಕ್ ಕೋರ್. ವಾರದಲ್ಲಿ ಒಂದು ಸಂಜೆ, ಕೆಲವು ವಾರಾಂತ್ಯ, ವರ್ಷಕ್ಕೊಮ್ಮೆ ಎರಡು ವಾರದ ಕ್ಯಾಂಪ್. ಅವರ ಯೂನಿಟ್‌ನಲ್ಲಿ ವರ್ಷಕ್ಕೆ ಕನಿಷ್ಠ 27 ದಿನ ಪೂರೈಸಿ, ಕಡ್ಡಾಯ ಪರೀಕ್ಷೆಗಳನ್ನೂ ಪಾಸಾದರೆ ತೆರಿಗೆ ಇಲ್ಲದ ಬೌಂಟಿ ಅಂತ ಒಂದು ಮೊತ್ತ ಬರುತ್ತೆ. ಅವರು ಸೇರುವಾಗ ಕಾರ್ ಲೈಸೆನ್ಸ್ ಮಾತ್ರ ಇತ್ತು. ಲಾರಿ ಕಲಿಸಿದ್ದು ಸೈನ್ಯವೇ, ಯಾರ್ಕ್‌ಶೈರ್ ಕಡೆ ಲೆಕನ್‌ಫೀಲ್ಡ್‌ನಲ್ಲಿ ಸೇನೆಯ ದೊಡ್ಡ ಡ್ರೈವಿಂಗ್ ಶಾಲೆ ಇದೆ. ಅಲ್ಲಿ ಪಾಸಾದರೆ ಸಿಗೋದು ಹೊರಗಿನ ಲಾರಿಗೂ ನಡೆಯುವ ಲೈಸೆನ್ಸ್. ಆ ಲೈಸೆನ್ಸ್‌ನಿಂದಲೇ ಅವರಿಗೆ ನಮ್ಮಲ್ಲಿ ಕೆಲಸ ಸಿಕ್ಕಿದ್ದು.

ಡಿಪೋ ಡ್ರೈವರ್

ಇದನ್ನೇ ನಾನು ಹೇಳೋದು. ನಮ್ಮಲ್ಲೂ ಹೀಗೆ ಮಾಡಲು ಏನು ಅಡ್ಡಿ? ಸೈನ್ಯದಲ್ಲಿ ಆಗುವ ಟೆಸ್ಟ್ ಆರ್‌ಟಿಒ ಮೈದಾನದಲ್ಲಿ ಎಂಟು ಹಾಕಿಸುವ ಟೆಸ್ಟಿಗಿಂತ ಎಷ್ಟೋ ಕಠಿಣ. ಅದನ್ನ ಪಾಸಾದವನಿಗೆ ಅಲ್ಲೇ ಹೆವಿ ಲೈಸೆನ್ಸ್ ಕೈಗೆ ಕೊಟ್ಟರೆ, ಟಿಎ ಹುಡುಗ ಡಿಸ್‌ಎಂಬಾಡಿ ಆಗಿ ಊರಿಗೆ ಬಂದ ಮರುದಿನವೇ ಯಾವುದಾದರೂ ಗಾಡಿ ಹತ್ತಬಹುದು. ಸರ್ಕಾರಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಬೈಲಹೊಂಗಲದ ತಂಗಿ ಬರೆದ ಕಷ್ಟದಲ್ಲಿ ಅರ್ಧ ಅಲ್ಲೇ ಕಡಿಮೆಯಾಗುತ್ತೆ. ನಮ್ಮ ಎಂಪಿಗಳು, ಮಾಜಿ ಸೈನಿಕರ ಸಂಘದವರು ಇದನ್ನ ಹಿಡಿದು ಕೇಳಬೇಕು.

ಸೋಮವಾರಪೇಟೆ ಎಎಸ್‌ಸಿ

ಪೂರ್ತಿ ಒಪ್ಪಿದೆ. ನಮ್ಮ ಕೊಡಗಿನ ಸಂಘದ ಮುಂದಿನ ಸಭೆಯಲ್ಲಿ ಇದನ್ನ ಎತ್ತುತ್ತೇನೆ, ಬರವಣಿಗೆಯಲ್ಲಿ ಕೊಡಿಸ್ತೇನೆ. ಡಿಪೋದವರು ಆ ಸೆಕ್ಷನ್ ವಿವರ ನನಗೆ ಕಳಿಸಿ.

ರಾಮದುರ್ಗ

ನಮ್ಮ ಕಡೆಯವರಿಗೆ ರ‍್ಯಾಲಿ ಎಲ್ಲಿ ಆಗುತ್ತೆ? ಕರ್ನಾಟಕದಲ್ಲಿ ಟಿಎ ಯೂನಿಟ್ ಯಾವುದಿದೆ?

ಗೋಕಾಕ ಟಿಎ

ಬೆಂಗಳೂರಿನಲ್ಲಿ 106 ಪ್ಯಾರಾ ಟಿಎ ಇದೆ, ಧೋನಿ ಗೌರವ ಲೆಫ್ಟಿನೆಂಟ್ ಕರ್ನಲ್ ಆಗಿ 2019ರಲ್ಲಿ ಕಾಶ್ಮೀರಕ್ಕೆ ಹೋಗಿ ಜೊತೆಗಿದ್ದ ಬೆಟಾಲಿಯನ್ ಅದೇ. ಬೆಳಗಾವಿಯಲ್ಲಿ 115 ಮಹಾರ್ ಟಿಎ. ಗಡಿ ದಾಟಿದರೆ ಕೊಲ್ಲಾಪುರದಲ್ಲಿ 109 ಮರಾಠಾ. ಭರ್ತಿ ತಾರೀಖು ಪತ್ರಿಕೆಯಲ್ಲೂ ಟಿಎ ವೆಬ್‌ಸೈಟ್‌ನಲ್ಲೂ ಬರುತ್ತೆ. ಬೆಳಗಾವಿಯಲ್ಲಿ ರ‍್ಯಾಲಿ ಆದಾಗ ಬೇರೆ ರಾಜ್ಯದ ಹುಡುಗರೂ ಬರ್ತಾರೆ, ಮೈದಾನದ ಹೊರಗೆ ರಾತ್ರಿಯೆಲ್ಲ ರಸ್ತೆ ಮೇಲೆ ಮಲಗಿರ್ತಾರೆ. ಹಾಸಿಕೊಳ್ಳೋಕೆ ಚಾದರ, ಕುಡಿಯುವ ನೀರು, ಕಾಗದಗಳ ಒರಿಜಿನಲ್ ಜೊತೆ ಇರಲಿ. ದುಡ್ಡು ಕೊಟ್ಟರೆ ಸೇರಿಸ್ತೀನಿ ಅನ್ನುವ ಏಜೆಂಟರು ಸುತ್ತಾಡ್ತಾರೆ. ಒಂದು ಪೈಸೆ ಕೊಡಬೇಡಿ, ಓಟದಲ್ಲಿ ಹಿಂದೆ ಬಿದ್ದವನನ್ನ ಯಾವ ಏಜೆಂಟೂ ಮುಂದೆ ತರಲ್ಲ. 1.6 ಕಿಲೋಮೀಟರ್ ಓಟಕ್ಕೆ ಇವತ್ತಿನಿಂದಲೇ ತಯಾರಿ ಮಾಡಿ. ಲಾರಿ ಸೀಟಲ್ಲಿ ಕೂತು ಕೂತು ನಮ್ಮ ಡ್ರೈವರ್‌ಗಳ ಸೊಂಟ, ಮೊಣಕಾಲು ಹಿಡಿದಿರುತ್ತೆ. ಜನ ಉದುರೋದು ಅಲ್ಲೇ.

ಬ್ಯಾಡಗಿ ಲಾರಿ

ಎಲ್ಲರಿಗೂ ಕೈ ಮುಗಿದೆ. ನಿನ್ನೆ ರಾತ್ರಿ ಹೆಂಡತಿಯ ಜೊತೆ ಕೂತು ಎಲ್ಲ ಓದಿ ಹೇಳಿದೆ. ಅಕ್ಕ ಬರೆದದ್ದನ್ನ ಅವಳೇ ಎರಡು ಸಲ ಓದಿದಳು. ನಮ್ಮದು ಒಬಿಸಿ, ಕೇಂದ್ರದ ಪಟ್ಟಿಯಲ್ಲಿ ಇದೆಯಾ ಅಂತ ಸೋಮವಾರ ತಹಶೀಲ್ದಾರ್ ಕಚೇರಿಯಲ್ಲಿ ಕೇಳ್ತೀನಿ. ಇದ್ದರೆ ಸಿಐಎಸ್‌ಎಫ್ ಡ್ರೈವರ್ ಅರ್ಜಿ ಬಿಟ್ಟಾಗ ಹಾಕೋದು ಖಂಡಿತ. ಓಟ ಎರಡಕ್ಕೂ ಬೇಕು, ಹಾಗಾಗಿ ಅದನ್ನ ನಾಳೆಯಿಂದಲೇ ಶುರು ಮಾಡ್ತೀನಿ. ಅದು ಆಗದಿದ್ದರೆ ಟಿಎ, ಆದರೆ ಮನೆಯಲ್ಲಿ ಇನ್ನೊಂದು ದುಡಿಮೆ ನಿಂತ ಮೇಲೆಯೇ. ಅವಳು ರೊಟ್ಟಿ, ಚಟ್ನಿಪುಡಿ ಮಾಡಿ ಮಾರುವ ಯೋಚನೆ ಮಾಡಿದ್ದಾಳೆ.

ಮಾಲೀಕರಿಗೆ ಫೋನ್ ಮಾಡಿ ಪತ್ರ ಕೇಳಿದೆ, ಕೊಡ್ತೀನಿ ಅಂದರು. ಒಂದು ಸಂಶಯ ಉಳಿದಿದೆ. ನನ್ನ ಲೈಸೆನ್ಸ್ ಬರುವ ಮಾರ್ಚ್‌ಗೆ ಮುಗಿಯುತ್ತೆ. ಈಗಲೇ ರಿನ್ಯೂಗೆ ಹಾಕಬಹುದಾ?

ಡಿಪೋ ಡ್ರೈವರ್

ಹಾಕಬಹುದು, ಒಂದು ವರ್ಷದ ಒಳಗೇ ಇದೆಯಲ್ಲ. ಮೆಡಿಕಲ್ ಸರ್ಟಿಫಿಕೇಟ್ ಫಾರ್ಮ್ 1ಎ ಡಾಕ್ಟರ್ ಹತ್ತಿರ ತುಂಬಿಸಿಕೊಂಡು ಹೋಗಿ, ಟ್ರಾನ್ಸ್‌ಪೋರ್ಟ್‌ಗೆ ಅದು ಬೇಕೇ ಬೇಕು. ಕಣ್ಣಿನ ಪರೀಕ್ಷೆ ಸರಿಯಾಗಿ ಮಾಡಿಸಿ, ಸುಮ್ನೆ ಸಹಿ ಹಾಕಿಸಿಕೊಂಡು ಬರಬೇಡಿ. ಭರ್ತಿಯ ಮೆಡಿಕಲ್‌ನಲ್ಲಿ ಕಣ್ಣು, ಬಣ್ಣ ಗುರುತಿಸೋದು ಎರಡನ್ನೂ ನೋಡ್ತಾರೆ. ತೊಂದರೆ ಇದ್ದರೆ ಈಗಲೇ ಗೊತ್ತಾಗಲಿ.